ಎರಿ ಹೊಲದ ಬಿಳಿಜೋಳವೂ ನಿಮ್ಮ ಅಂಬರ್ ಏಲ್ ಬಿಯರೂ

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳಿಂದ ಹೋಗಿ ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿ, ಮನೆಯಲ್ಲೇ ಬಿಯರ್ ಕಾಯಿಸುತ್ತಿರುವ ತಮ್ಮಂದಿರಿಗೂ ತಂಗಿಯರಿಗೂ,



ಈ ಪತ್ರವನ್ನು ನಿಮಗೆ ಒಬ್ಬೊಬ್ಬರಿಗೇ ಬರೆಯಬಹುದಿತ್ತು. ಆದರೆ ಇದರಲ್ಲಿ ಊರಿನವರೂ ಓದಬೇಕಾದ ಮಾತಿದೆ. ಬಿಯರ್ ಅಂದಕೂಡಲೇ ದನಿ ತಗ್ಗಿಸುವುದು ನಮ್ಮ ಕಡೆಯ ರೂಢಿ. ನೀವು ರಜೆಗೆ ಬಂದಾಗಲೂ ಹಿರಿಯರು ಎದ್ದುಹೋದ ಮೇಲೆಯೇ ಈ ವಿಷಯ ತೆಗೆಯುತ್ತೀರಿ. ದನಿ ತಗ್ಗಿಸಬೇಕಾದ್ದು ಇದರಲ್ಲಿ ಏನೂ ಇಲ್ಲವೆಂದು ನನಗನ್ನಿಸಿದೆ, ಅದಕ್ಕೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನೂ ಒಂದು ಕಾಲಕ್ಕೆ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್ ಊರಿನಲ್ಲಿ ಕೆಲಸಕ್ಕಿದ್ದವನು. ಅಲ್ಲಿಯ ಫ್ಯಾಟ್ ಟೈರ್ ಅಂಬರ್ ಏಲ್ ಬಿಯರನ್ನು ಮನೆಯಲ್ಲಿ ನಕಲು ಮಾಡುತ್ತಿದ್ದವನು. ಈಗ ಗಜೇಂದ್ರಗಡದ ಹತ್ತಿರ ಎರಿ (ಕಪ್ಪು ಮಣ್ಣಿನ) ಹೊಲ ಮಾಡಿಕೊಂಡಿದ್ದೇನೆ. ನಿಮ್ಮಿಂದ ನನಗೆ ಒಂದು ಕೆಲಸ ಆಗಬೇಕು. ನೀವು ಕಾಯಿಸುವ ಅಂಬರ್ ಏಲ್‌ಗೆ ನಮ್ಮ ಬಿಳಿಜೋಳವನ್ನು ಮೊಳಕೆ ಬರಿಸಿ ಸೇರಿಸಬೇಕು, ಮೊಳಕೆಯಿಂದ ಗ್ಲಾಸಿನವರೆಗೆ ಏನೇನಾಯಿತೆಂದು ಬರೆದಿಡಬೇಕು, ಆ ಲೆಕ್ಕವನ್ನು ಊರಿಗೆ ಕಳಿಸಬೇಕು. ಬಿಯರ್ ನಿಮ್ಮಲ್ಲೇ ಇರಲಿ.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ಅಮೆರಿಕದಲ್ಲಿ ಜಿಮ್ಮಿ ಕಾರ್ಟರ್ ಅವರು 1978ರ ಅಕ್ಟೋಬರಿನಲ್ಲಿ ಸಹಿ ಹಾಕಿದ ಕಾನೂನು 1979ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. ಒಬ್ಬರೇ ವಯಸ್ಕರಿರುವ ಮನೆಯವರು ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚಿನವರಿದ್ದರೆ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ಕಾಯಿಸಿಕೊಳ್ಳಬಹುದು, ಮಾರುವಂತಿಲ್ಲ. ಇಂಗ್ಲೆಂಡಿನಲ್ಲಿ 1963ರಿಂದ ಮನೆ ಬಳಕೆಗೆ ಲೈಸೆನ್ಸು ಬೇಕಿಲ್ಲ. ಇಲ್ಲಿ ಹಾಗಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಮನೆ ಬಳಕೆಗೆಂದು ಹೇಳಿದರೂ ಅಪರಾಧವೇ. ಆದ್ದರಿಂದ ಊರಲ್ಲಿ ಓದುತ್ತಿರುವ ಹುಡುಗರು ಈ ಪತ್ರ ನೋಡಿ ಒಲೆ ಹಚ್ಚಬಾರದು.

ಕಾನೂನಿನಾಚೆಗೂ ಒಂದು ಕಾರಣವಿದೆ. ಸರಾಯಿಯಿಂದ ಹಾಳಾದ ಮನೆಗಳನ್ನು ನಮ್ಮ ಮೂರೂ ತಾಲ್ಲೂಕುಗಳು ಕಣ್ಣಾರೆ ಕಂಡಿವೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸರಾಯಿ ಬಂದಾಯಿತು, ಕುಡಿತ ಬಂದಾಗಲಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಹೆಣ್ಣುಮಕ್ಕಳು ನಡೆದುಕೊಂಡು ಹೋದರು. ಅವರ ನೋವನ್ನು ಬದಿಗಿಟ್ಟು ನಾನು ಒಂದಕ್ಷರವನ್ನೂ ಬರೆಯಲಾರೆ. ನಾನು ಕೇಳುತ್ತಿರುವುದು ಜೋಳದ ಮೊಳಕೆಯ ವಿದ್ಯೆಯನ್ನು. ಆ ವಿದ್ಯೆ ಬಿಯರಿನ ಜೊತೆಗೇ ಬೆಳೆದು ಬಂದದ್ದರಿಂದ ಬಿಯರಿನ ಮಾತು ಬರುತ್ತದೆ.

ಈಗ ಫ್ಯಾಟ್ ಟೈರ್ ವಿಷಯ. ಅದು ಹುಟ್ಟಿದ್ದೇ ಮನೆಯಲ್ಲಿ. ಜೆಫ್ ಲೆಬೆಶ್ ಎಂಬ ಇಂಜಿನಿಯರು 1980ರ ದಶಕದ ಕೊನೆಗೆ ಸೈಕಲ್ ಮೇಲೆ ಬೆಲ್ಜಿಯಂ ಸುತ್ತಿ ಬಂದರು. ಅಲ್ಲಿ ಕುಡಿದ ಬಿಯರುಗಳ ರುಚಿಯನ್ನು ತಮ್ಮ ಮನೆಯ ನೆಲಮಾಳಿಗೆಯಲ್ಲಿ ಹಿಡಿಯಲು ನೋಡಿದರು. 1991ರಲ್ಲಿ ಅವರೂ ಅವರ ಹೆಂಡತಿ ಕಿಮ್ ಜೋರ್ಡನ್ ಅವರೂ ಕೂಡಿ ನ್ಯೂ ಬೆಲ್ಜಿಯಂ ಕಂಪನಿ ಆರಂಭಿಸಿದರು. ಆಗಿನ ಫ್ಯಾಟ್ ಟೈರ್‌ನಲ್ಲಿ ಆಲ್ಕೊಹಾಲ್ ಶೇ 5.2, ಕಹಿಯ ಅಳತೆ (ಐಬಿಯು) 22, ಬಣ್ಣ ತಾಮ್ರದ್ದು. ಹುರಿದ ಬಿಸ್ಕಿಟ್ಟಿನ ಪರಿಮಳ, ಹಿಂದೆ ಸ್ವಲ್ಪ ಸುಟ್ಟ ಸಕ್ಕರೆಯ ಸಿಹಿ, ಕಹಿ ಮಿತವಾದದ್ದು. ರೊಟ್ಟಿ ತಿಂದು ಬೆಳೆದವರಿಗೆ ಆ ಪರಿಮಳ ಕೂಡಲೇ ಹತ್ತಿರವಾಗುತ್ತದೆ. ಮನೆಯಲ್ಲಿ ನಕಲು ಮಾಡಲು ನಮ್ಮವರು ಅದನ್ನೇ ಹಿಡಿದುಕೊಂಡದ್ದು ಈ ಕಾರಣಕ್ಕೇ ಎಂದು ನನ್ನ ನಂಬಿಕೆ.

2019ರಲ್ಲಿ ಕಂಪನಿ ಜಪಾನಿನ ಕಿರಿನ್ ಒಡೆತನದ ಬಳಗಕ್ಕೆ ಸೇರಿತು. 2023ರ ಜನವರಿಯಲ್ಲಿ ಫ್ಯಾಟ್ ಟೈರ್ ಬಿಯರಿನ ಪಾಕವನ್ನೇ ಬದಲಾಯಿಸಿದರು. ತಾಮ್ರದ ಬಣ್ಣ ಹೋಗಿ ಬಂಗಾರದ ಬಣ್ಣ ಬಂತು, ರುಚಿ ಹಗುರಾಯಿತು, ಹೆಸರಿನಿಂದ ಅಂಬರ್ ಬಿದ್ದುಹೋಯಿತು. ಹಳೆಯ ಫ್ಯಾಟ್ ಟೈರ್ ಆಗ ಅಂಗಡಿಗಳಿಂದ ಮರೆಯಾಯಿತು. ಅದು ಉಳಿದದ್ದು ನಿಮ್ಮಂಥವರ ಮನೆಯ ಹಂಡೆಗಳಲ್ಲಿ. ತಯಾರಕರು ಕೈಬಿಟ್ಟ ರುಚಿಯೊಂದನ್ನು ಕುಡಿಯುವವರು ಉಳಿಸಿಕೊಂಡಿದ್ದೀರಿ. ಅದಕ್ಕೆ ನಕಲು ಎಂಬ ಹೆಸರು ಬಂದಿದ್ದರೂ ನನ್ನ ಮಟ್ಟಿಗೆ ಅದು ತಳಿ ಕಾಯುವ ಕೆಲಸ.

ತಳಿ ಕಾಯುವುದೆಂದರೇನೆಂದು ನಿಮ್ಮ ಮನೆಯವರಿಗೆ ಗೊತ್ತು. ನಮ್ಮ ಹೊಲದ ಮಾಲದಂಡಿ ಜೋಳ, ಕಾಗದದ ಮೇಲೆ ಎಂ 35-1, 1930ರ ದಶಕದಲ್ಲಿ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ನಾಟಿ ಮಾಲದಂಡಿಯಿಂದ ಆಯ್ದು ತೆಗೆದದ್ದು. ಆಮೇಲೆ ಹೆಚ್ಚು ಇಳುವರಿಯ ಹೈಬ್ರಿಡ್‌ಗಳು ಎಷ್ಟು ಬಂದರೂ ಹಿಂಗಾರಿಯಲ್ಲಿ ಇದನ್ನು ಹೊಲದಿಂದ ಎಬ್ಬಿಸಲು ಆಗಲಿಲ್ಲ. ಕಾರಣ ಒಲೆಯ ಮುಂದೆ ಕುಳಿತ ಹೆಣ್ಣುಮಕ್ಕಳು. ಹಿಟ್ಟು ಬಿಳಿಯಾಗಿರಬೇಕು, ನಾದಿದರೆ ಹಿಡಿತ ಬರಬೇಕು, ಬಡಿದರೆ ರೊಟ್ಟಿ ಹರಿಯಬಾರದು, ಮರುದಿನವೂ ಮೆತ್ತಗಿರಬೇಕು. ಈ ಪರೀಕ್ಷೆಯಲ್ಲಿ ಮಾಲದಂಡಿ ಗೆದ್ದಿತು. ಕಣಿಕಿ ಎತ್ತುಗಳಿಗೂ ಹಿಡಿಸಿತು. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದರೆ ಎರಿ ಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆದು ಫೆಬ್ರುವರಿ–ಮಾರ್ಚಿಗೆ ಕಣಕ್ಕೆ ಬರುತ್ತದೆ. ಮಲಪ್ರಭೆಯ ಕಾಲುವೆ ನೀರು ಬಂದರೆ ಬಂತು, ಬಾರದಿದ್ದರೂ ಜೋಳ ನಿಂತಿರುತ್ತದೆ. ನರಗುಂದದವರಿಗೆ ನೀರಿನ ಕಥೆ ನಾನು ಹೇಳಬೇಕಿಲ್ಲ. 1980ರ ಜುಲೈಯ ರೈತ ಬಂಡಾಯದಿಂದ ಮಹದಾಯಿ ನೀರಿನ ಹೋರಾಟದವರೆಗೆ ಆ ಊರು ಮತ್ತೆ ಮತ್ತೆ ಬೀದಿಗಿಳಿದಿದೆ.

ಆದರೂ ಜೋಳದ ಹೊಲ ಕಡಿಮೆಯಾಗುತ್ತಿದೆ. ಕಡಲೆ, ಗೋವಿನಜೋಳ, ಹತ್ತಿ ಆ ಜಾಗ ಹಿಡಿದಿವೆ. ಜೋಳ ಕೀಳಲು, ತೆನೆ ಮುರಿಯಲು ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಗಿಟ್ಟುವುದಿಲ್ಲ. 2025-26ಕ್ಕೆ ಕೇಂದ್ರ ಸರ್ಕಾರ ಮಾಲದಂಡಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ, ಹೈಬ್ರಿಡ್ ಜೋಳಕ್ಕಿಂತ 50 ರೂಪಾಯಿ ಮಾತ್ರ ಹೆಚ್ಚು. ರೊಟ್ಟಿಯೊಂದನ್ನೇ ನಂಬಿಕೊಂಡು ಈ ಬೆಳೆ ಇನ್ನು ಬಹಳ ಕಾಲ ನಿಲ್ಲಲಾರದು. ಇನ್ನೊಂದು ಉಪಯೋಗ ಬೇಕು. ಮೊಳಕೆ ಜೋಳ ಅಂಥದೊಂದು ಉಪಯೋಗವೆಂದು ನನಗೆ ಫೋರ್ಟ್ ಕಾಲಿನ್ಸ್‌ನ ಅಡುಗೆಮನೆಯಲ್ಲಿ ಹೊಳೆಯಿತು.

ಇದು ಬರೀ ನನ್ನ ಕನಸಲ್ಲ. 1988ರಲ್ಲಿ ನೈಜೀರಿಯ ಸರ್ಕಾರ ಜವೆಗೋಧಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ಆಮದನ್ನು ನಿಷೇಧಿಸಿತು. ಅಲ್ಲಿಯ ಬಿಯರ್ ಕಾರ್ಖಾನೆಗಳು ಗತ್ಯಂತರವಿಲ್ಲದೆ ತಮ್ಮ ನೆಲದ ಜೋಳಕ್ಕೂ ಗೋವಿನಜೋಳಕ್ಕೂ ತಿರುಗಿಕೊಂಡವು. ನಿಷೇಧ ತೆರವಾದ ಮೇಲೂ ಜೋಳ ಉಳಿಯಿತು. ಅಲ್ಲಿಯ ಗಿನ್ನೆಸ್‌ನಲ್ಲೂ ಜೋಳವಿದೆ. ಅಮೆರಿಕದಲ್ಲೇ 2006ರಲ್ಲಿ ಅನ್ಹಾಯ್ಸರ್-ಬುಶ್ ಕಂಪನಿ ಗ್ಲುಟೆನ್ ಒಗ್ಗದವರಿಗಾಗಿ ರೆಡ್‌ಬ್ರಿಜ್ ಎಂಬ ಜೋಳದ ಬಿಯರ್ ತಂದಿತು. ಜೋಳದಲ್ಲಿ ಗ್ಲುಟೆನ್ ಇಲ್ಲ. ಇಷ್ಟೆಲ್ಲ ನಡೆದಿರುವಾಗ ನಮ್ಮ ಮಾಲದಂಡಿಯ ಮೊಳಕೆ ಹೇಗೆ ವರ್ತಿಸುತ್ತದೆಂದು ನಮ್ಮ ಊರಿನವರೊಬ್ಬರೂ ಬರೆದಿಟ್ಟದ್ದನ್ನು ನಾನು ನೋಡಿಲ್ಲ.

ಇನ್ನು ಕೈಕೆಲಸ. ನಿಮಗೆ ಜವೆಗೋಧಿಯ ಮಾಲ್ಟ್ ಚೀಲದಲ್ಲಿ ಸಿದ್ಧವಾಗಿ ಸಿಗುತ್ತದೆ, ಜೋಳದ ಮಾಲ್ಟನ್ನು ನೀವೇ ಮಾಡಬೇಕು. ಬಿತ್ತನೆಗೆಂದು ಮಾರುವ ಬಣ್ಣ ಹಚ್ಚಿದ ಬೀಜ ಯಾವ ಕಾರಣಕ್ಕೂ ಬೇಡ, ಅದಕ್ಕೆ ವಿಷದ ಔಷಧಿ ಹಚ್ಚಿರುತ್ತಾರೆ. ತಿನ್ನುವ ಕಾಳನ್ನೇ ತನ್ನಿ. ಮೊದಲು ನೂರು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿ ಎಷ್ಟು ಮೊಳೆಯುತ್ತವೆ ನೋಡಿ. ತೊಂಬತ್ತಕ್ಕಿಂತ ಕಡಿಮೆಯಾದರೆ ಆ ಚೀಲವನ್ನು ರೊಟ್ಟಿಗೆ ಬಿಡಿ. ಒಂದು ದಿನದ ಹತ್ತಿರ ನೆನೆಹಾಕಿ, ನಡುವೆ ನೀರು ಬಸಿದು ಕಾಳಿಗೆ ಗಾಳಿ ತಾಗಿಸಿ, ಮತ್ತೆ ಹೊಸ ನೀರು ಹಾಕಿ. ಆಮೇಲೆ ಬಸಿದು ಹರವಿ. ಜವೆಗೋಧಿಗೆ 15ರಿಂದ 18 ಡಿಗ್ರಿಯ ತಂಪು ಬೇಕು, ಜೋಳಕ್ಕೆ 28–30 ಡಿಗ್ರಿ ಸೆಲ್ಸಿಯಸ್ ಬೇಕು. ಫ್ರಿಜ್ಜಾಗಲಿ ತಂಪಿನ ಕೋಣೆಯಾಗಲಿ ಇಲ್ಲದೆ ಮಾಲ್ಟ್ ಆಗುವ ಧಾನ್ಯ ಇದು, ನಮ್ಮ ಹವೆಗೆ ಹೇಳಿ ಮಾಡಿಸಿದ್ದು. ನಾಲ್ಕೈದು ದಿನ ನೀರು ಚಿಮುಕಿಸುತ್ತ ಕೈಯಾಡಿಸುತ್ತಿರಿ. ಬೂಸ್ಟು ಕಂಡರೆ ಅಷ್ಟನ್ನೂ ಎಸೆಯಿರಿ, ತೊಳೆದು ಉಳಿಸಿಕೊಳ್ಳುವ ಆಸೆ ಬೇಡ.

ಇಲ್ಲಿ ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದಂತೆ ಓದಿಕೊಳ್ಳಿ. ಎಳೆ ಜೋಳದ ಬೆಳೆಗೆ ಬಾಯಿ ಹಾಕಿದ ದನ ಸಾಯುತ್ತದೆಂದು ನಮ್ಮ ದನಗಾಹಿ ಹುಡುಗರಿಗೂ ಗೊತ್ತು. ಕಾರಣ ಧುರ‍್ರಿನ್ ಎಂಬ ವಸ್ತು, ಅದು ಒಡೆದರೆ ಸಯನೈಡ್ ಬಿಡುತ್ತದೆ. ಕಾಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಮೊಳಕೆ ಒಡೆದ ಕೂಡಲೇ ಕುಡಿಯಲ್ಲಿ ತುಂಬಿಕೊಳ್ಳುತ್ತದೆ. ಆದ್ದರಿಂದ ಹೆಸರುಕಾಳಿನ ಹಾಗೆ ಜೋಳದ ಮೊಳಕೆಯನ್ನು ಹಸಿಯಾಗಿ ತಿನ್ನಬಾರದು. 50 ಡಿಗ್ರಿ ಮೀರದ ಬಿಸಿಯಲ್ಲಿ ಗರಿಗರಿಯಾಗುವ ತನಕ ಒಣಗಿಸಿ, ಗೋಣಿಪಟ್ಟಿಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ, ಬೇರು ಕುಡಿಗಳನ್ನು ಪೂರ್ತಿ ತೆಗೆಯಿರಿ. ತೆಗೆದದ್ದನ್ನು ದನಕ್ಕೂ ಕೋಳಿಗೂ ಹಾಕಬೇಡಿ. ಮುಂದೆ ಪಾತ್ರೆಯ ಬಾಯಿ ತೆರೆದು ಕುದಿಸುವಾಗ, ಬಿಡುಗಡೆಯಾದ ಸಯನೈಡಿನ ಬಹುಪಾಲು ಹಬೆಯೊಂದಿಗೆ ಹೋಗುತ್ತದೆ.

ಹಳೆಯ ಫ್ಯಾಟ್ ಟೈರ್ ನಕಲಿಗೆ ನಾನು 19 ಲೀಟರಿಗೆ ಹಾಕುತ್ತಿದ್ದ ಅಳತೆ ಇದು: ಸಾದಾ ಪೇಲ್ ಮಾಲ್ಟ್ 3.6 ಕಿಲೊ, ಮ್ಯೂನಿಕ್ ಮಾಲ್ಟ್ 300 ಗ್ರಾಂ, ಕ್ರಿಸ್ಟಲ್ 80 ಮಾಲ್ಟ್ 300 ಗ್ರಾಂ, ಬಿಸ್ಕಿಟ್ ಪರಿಮಳದ ವಿಕ್ಟರಿ ಮಾಲ್ಟ್ 250 ಗ್ರಾಂ. ಹುದುಗುವ ಮೊದಲು ಸಾಂದ್ರತೆ 1.050, ಹುದುಗಿದ ಮೇಲೆ 1.011ರ ಆಸುಪಾಸು. ಇದರಲ್ಲಿ ಪೇಲ್ ಮಾಲ್ಟಿನ 800 ಗ್ರಾಂ ತೆಗೆದು ಜೋಳದ ಮಾಲ್ಟ್ 900 ಗ್ರಾಂ ಹಾಕಿ. ಆರಂಭಕ್ಕೆ ಐದರಲ್ಲೊಂದು ಪಾಲು ಸಾಕು.

ಐದರಲ್ಲೊಂದೇ ಏಕೆ? ಜವೆಗೋಧಿಯ ಪಿಷ್ಟ 60–65 ಡಿಗ್ರಿಯಲ್ಲಿ ಬೆಂದು ಸಡಿಲಾಗುತ್ತದೆ, ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳೂ ಅದೇ ಬಿಸಿಯಲ್ಲಿ ಕೆಲಸ ಮಾಡುತ್ತವೆ. ಅದಕ್ಕೇ ಬಿಸಿನೀರಲ್ಲಿ 66–67 ಡಿಗ್ರಿಗೆ ಒಂದು ತಾಸು ಇಟ್ಟರೆ ಕೆಲಸ ಮುಗಿಯಿತು. ಜೋಳದ ಪಿಷ್ಟ 70 ಡಿಗ್ರಿಯ ಹತ್ತಿರ ಹೋಗದೆ ಸಡಿಲುವುದಿಲ್ಲ, ಅಷ್ಟು ಬಿಸಿಗೆ ಕಿಣ್ವಗಳು ಸಾಯತೊಡಗುತ್ತವೆ. ಮೇಲಾಗಿ ಜೋಳದ ಮೊಳಕೆಯಲ್ಲಿ ಬೀಟಾ ಅಮೈಲೇಸ್ ಎಂಬ ಕಿಣ್ವ ಕಡಿಮೆ, ಯೀಸ್ಟಿಗೆ ಬೇಕಾದ ಸಕ್ಕರೆಯ ಬಹುಪಾಲು ಅದರಿಂದಲೇ ಬರಬೇಕು. ಆದ್ದರಿಂದ ಜೋಳವನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ, ಕಿಣ್ವದ ಕೆಲಸವನ್ನು ಜವೆಗೋಧಿಗೆ ಒಪ್ಪಿಸಬೇಕು.

ಬೇಯಿಸುವ ಬಗೆ ನಿಮಗೆ ಕಲಿಸಬೇಕಾದ್ದಿಲ್ಲ, ಅವ್ವ ಅಂಬಲಿ ಕಾಯಿಸುವ ಬಗೆಯೇ. ಜೋಳದ ಮಾಲ್ಟನ್ನು ನುಚ್ಚಿನ ಹಾಗೆ ಒಡೆಯಿರಿ, ಹಿಟ್ಟು ಮಾಡಬೇಡಿ. ನಾಲ್ಕು ಪಟ್ಟು ನೀರಿನಲ್ಲಿ ಗಂಟಾಗದಂತೆ ಕಲಸಿ, ಒಂದು ಹಿಡಿ ಜವೆಗೋಧಿ ಮಾಲ್ಟ್ ಸೇರಿಸಿ 70 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇಡಿ. ಗಟ್ಟಿಯಾಗುತ್ತ ಬಂದ ಅಂಬಲಿ ಕಣ್ಣೆದುರೇ ತೆಳ್ಳಗಾಗುತ್ತದೆ. ಇದನ್ನು ನೋಡಿದ ದಿನವೇ ನನಗೆ ಊರಿನ ಮಕ್ಕಳ ನೆನಪಾಯಿತು, ಆ ಮಾತಿಗೆ ಮುಂದೆ ಬರುತ್ತೇನೆ. ಆಮೇಲೆ ಕೈಬಿಡದೆ ತಿರುವುತ್ತ ಕಾಲು ತಾಸಿಗಿಂತ ಹೆಚ್ಚು ಕುದಿಸಿ. ಸ್ವಲ್ಪ ಆರಿದ ಮೇಲೆ ಜವೆಗೋಧಿಯ ಪಾತ್ರೆಗೆ ಹೊಯ್ದು, ಎರಡೂ ಕೂಡಿ 66 ಡಿಗ್ರಿಗೆ ನಿಲ್ಲುವಂತೆ ನೋಡಿಕೊಳ್ಳಿ. ತಾಸಾದ ಮೇಲೆ ತಟ್ಟೆಯಲ್ಲಿ ಒಂದು ಚಮಚ ರಸ ತೆಗೆದು ಟಿಂಚರ್ ಅಯೋಡಿನ್ ಒಂದು ಹನಿ ಬಿಡಿ. ಕಪ್ಪು ನೀಲಿಯಾದರೆ ಪಿಷ್ಟ ಇನ್ನೂ ಉಳಿದಿದೆ ಎಂದರ್ಥ, ಕಾಯಿರಿ. ಅಯೋಡಿನ್ ಬಿದ್ದ ರಸವನ್ನು ಚೆಲ್ಲಿಬಿಡಿ. ಜೋಳಕ್ಕೆ ಜವೆಗೋಧಿಯಂಥ ಹೊಟ್ಟಿಲ್ಲದ ಕಾರಣ ರಸ ಇಳಿಯುವುದು ನಿಧಾನ. ಎರಡು ಹಿಡಿ ತೊಳೆದ ಭತ್ತದ ಹೊಟ್ಟು ಸೇರಿಸಿದರೆ ಸಲೀಸು.

ಬಣ್ಣದ ವಿಷಯದಲ್ಲಿ ನನಗೆ ಹಟವಿದೆ. ಅಂಬರ್ ಬಣ್ಣವನ್ನು ಪೇಟೆಯ ಕ್ರಿಸ್ಟಲ್ ಮಾಲ್ಟಿನಿಂದಲೇ ತಂದರೆ ಜೋಳ ಹೆಸರಿಗೆ ಮಾತ್ರ ಇದ್ದಂತಾಗುತ್ತದೆ. ಒಣಗಿಸಿ, ಕುಡಿ ತೆಗೆದ ಜೋಳದ ಮಾಲ್ಟಿನಲ್ಲಿ 300 ಗ್ರಾಂ ಬೇರೆ ತೆಗೆದಿಟ್ಟು ಮತ್ತೆ ನೆನೆಸಿ, ಮುಚ್ಚಿದ ತಟ್ಟೆಯಲ್ಲಿ 70 ಡಿಗ್ರಿಯ ಓವನ್ನಿನಲ್ಲಿ ಎರಡು ತಾಸು ಇಡಿ, ಆಮೇಲೆ ಮುಚ್ಚಳ ತೆಗೆದು 150ಕ್ಕೆ ಏರಿಸಿ ಕೆಂಪಗಾಗುವ ತನಕ ಹುರಿಯಿರಿ. ಆಗ ಮನೆಯೆಲ್ಲ ತುಂಬುವ ವಾಸನೆ ಹೇಳಿ ತಿಳಿಸುವಂಥದಲ್ಲ. ಸೀತನಿ ತೆನೆ ಸುಟ್ಟ ಹೊಲದಲ್ಲಿ ನಿಂತವರಿಗೆ ಅದು ಗೊತ್ತು. ಸಕ್ಕರೆಯೂ ಪ್ರೋಟೀನೂ ಬಿಸಿಯಲ್ಲಿ ಕೂಡಿ ಆಗುವ ಈ ಕೆಂಪನ್ನು ಫ್ರಾನ್ಸಿನ ಲೂಯಿ ಕಮೀಯ್ ಮಯ್ಯಾರ್ 1912ರಲ್ಲಿ ವಿವರಿಸಿದರು. ರೊಟ್ಟಿಯ ಮೇಲಿನ ಕಂದು ಚುಕ್ಕೆಯೂ ಅದೇ.

ಹಾಪ್ಸ್ ಹೂವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಲಮೆಟ್, ಗೋಲ್ಡಿಂಗ್ಸ್ ಸಾಕು, ಕಹಿ 22ರ ಒಳಗೇ ಇರಲಿ. ಹೆಚ್ಚಾದರೆ ಜೋಳ ಮಾತಾಡುವುದಿಲ್ಲ. ಯೀಸ್ಟಿನಲ್ಲಿ ಮಾತ್ರ ಎರಡು ಬಗೆ ಬಳಸಲು ಹೋಗಬೇಡಿ. ನಕಲಿನಲ್ಲಿ ಯಾವ ಏಲ್ ಯೀಸ್ಟ್ ಬಳಸುತ್ತೀರೋ ಜೋಳದ ಬಿಯರಿಗೂ ಅದನ್ನೇ ಹಾಕಿ, 18–20 ಡಿಗ್ರಿಯಲ್ಲೇ ಹುದುಗಿಸಿ. ಒಂದೇ ಸಲಕ್ಕೆ ಕಾಳೂ ಯೀಸ್ಟೂ ಬದಲಾದರೆ ಯಾವುದರ ಫಲ ಯಾವುದೆಂದು ತಿಳಿಯುವ ದಾರಿಯಿಲ್ಲ. ನಲ್ಲಿ ನೀರಿಗೆ ಕ್ಲೋರಿನ್ ಹಾಕುವ ಊರಾದರೆ ಮೊದಲು ಅದನ್ನು ತೆಗೆಯಿರಿ.

ರುಚಿ ನೋಡುವುದರಲ್ಲಿ ನಮ್ಮವರಿಗೆ ಮುಲಾಜು ಹೆಚ್ಚು. ಕಷ್ಟಪಟ್ಟು ಮಾಡಿದ್ದಾನೆಂದು ಚೆನ್ನಾಗಿದೆ ಅನ್ನುತ್ತೇವೆ. ಆ ಮಾತಿನಿಂದ ಊರಿಗೆ ಉಪಯೋಗವಿಲ್ಲ. 1940ರ ದಶಕದಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್‌ನವರು ಬಳಕೆಗೆ ತಂದ ಪರೀಕ್ಷೆಯೊಂದಿದೆ. ಮೂರು ಗ್ಲಾಸು ಇಡಬೇಕು, ಎರಡರಲ್ಲಿ ಒಂದೇ ಬಿಯರು, ಮೂರನೆಯದರಲ್ಲಿ ಬೇರೆ. ಯಾವುದರಲ್ಲಿ ಏನೆಂದು ಹೇಳದೆ, ಬೇರೆಯದನ್ನು ಗುರುತಿಸಲು ಕೇಳಬೇಕು. ಹತ್ತು ಜನರಲ್ಲಿ ಮೂರು ಜನ ಊಹೆಯಿಂದಲೇ ಸರಿ ಹೇಳಿಬಿಡುತ್ತಾರೆ, ಏಳೆಂಟು ಜನ ಹೇಳಿದರೆ ವ್ಯತ್ಯಾಸ ನಿಜವಾಗಿ ಇದೆ. ಆಮೇಲೆ ಯಾವುದು ಇಷ್ಟ, ಏಕೆ ಎಂದು ಬರೆಸಿಕೊಳ್ಳಿ. ನನ್ನ ನಾಲಿಗೆಗೆ ಜೋಳ ಸೇರಿದ ಅಂಬರ್ ಏಲ್ ತುಸು ತೆಳು, ಕೊನೆಗೆ ಒಣರೊಟ್ಟಿಯ ಅಂಚಿನ ರುಚಿ ಕೊಡುತ್ತದೆ, ಸಿಹಿ ಬೇಗ ಇಳಿಯುತ್ತದೆ. ನನಗೆ ಅದೇ ಹೆಚ್ಚು ಇಷ್ಟ. ನಿಮಗೆ ಹೇಗೋ ಗೊತ್ತಿಲ್ಲ, ಗೊತ್ತಾಗಬೇಕು.

ಈಗ ಮಕ್ಕಳ ಮಾತು. ಮೊಳಕೆಯ ಕಿಣ್ವ ಗಂಜಿಯನ್ನು ತೆಳ್ಳಗಾಗಿಸುತ್ತದೆ ಎಂದೆನಲ್ಲ, ಅದರಿಂದ ಅದೇ ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ, ಸಣ್ಣ ಮಗು ನಾಲ್ಕು ಚಮಚದಲ್ಲಿ ಹೆಚ್ಚು ಆಹಾರ ಉಣ್ಣುತ್ತದೆ. ಹಳೆ ಮೈಸೂರು ಕಡೆಯವರು ರಾಗಿ ಮಾಲ್ಟಿನಿಂದ ಈ ಲಾಭವನ್ನು ಎಂದೋ ಪಡೆದುಕೊಂಡಿದ್ದಾರೆ. ಜೋಳದ ನಾಡಿನವರು ನಾವು ಧುರ‍್ರಿನ್‌ನಂಥ ಅಡ್ಡಿಯನ್ನು ದಾಟುವ ಕ್ರಮವನ್ನು ಸರಿಯಾಗಿ ಗೊತ್ತುಮಾಡಿಕೊಂಡರೆ, ನಮ್ಮಲ್ಲೂ ಸಂಘದ ಹೆಣ್ಣುಮಕ್ಕಳು ಮಾಲದಂಡಿ ಮಾಲ್ಟ್ ಮಾಡಿ ಮಾರಬಹುದು. ಅದಕ್ಕೆ ಅಬಕಾರಿಯವರ ಪರವಾನಗಿ ಬೇಕಿಲ್ಲ. ಎಷ್ಟು ದಿನದ ಮೊಳಕೆ, ಎಷ್ಟು ಬಿಸಿಯಲ್ಲಿ ಒಣಗು, ತೂಕ ಎಷ್ಟು ಇಳಿಯಿತು, ಕಿಣ್ವ ಎಷ್ಟು ಉಳಿಯಿತು: ಈ ಪ್ರಶ್ನೆಗಳಿಗೆ ಉತ್ತರ ನಿಮ್ಮ ಥರ್ಮಾಮೀಟರು, ತಕ್ಕಡಿ, ಹೈಡ್ರೋಮೀಟರುಗಳಲ್ಲಿದೆ. ಪ್ರಯೋಗಾಲಯದ ಪರೀಕ್ಷೆ ಆಮೇಲೆ ಆಗಲೇಬೇಕು, ಮಕ್ಕಳ ಬಾಯಿಗೆ ಹೋಗುವ ಮೊದಲಂತೂ ಖಂಡಿತ. ಆದರೆ ಪರೀಕ್ಷೆಗೆ ಒಯ್ಯಲು ಕೈಯಲ್ಲಿ ಒಂದು ಕ್ರಮ ಇರಬೇಕಲ್ಲ.

ಊರಿಂದ ಕಾಳು ಒಯ್ಯುವವರು ವಿಮಾನ ನಿಲ್ದಾಣದಲ್ಲಿ ಕೃಷಿ ತಪಾಸಣೆಯವರ ಮುಂದೆ ಅದನ್ನು ಮರೆಮಾಚಬೇಡಿ. ಅವರು ಬೇಡವೆಂದರೆ ಅಲ್ಲಿಯ ಭಾರತೀಯ ಅಂಗಡಿಯ ಇಡಿ ಜೋಳದಿಂದ ಆರಂಭಿಸಿ. ಪ್ರತಿ ಸಲವೂ ಕಾಳು ಎಲ್ಲಿಯದು, ನೆನೆದ ತಾಸು, ಮೊಳೆತ ದಿನ, ಕೋಣೆಯ ಬಿಸಿ, ಒಣಗಿಸಿದ ಬಿಸಿ, ಕುಡಿ ತೆಗೆಯುವ ಮೊದಲಿನ ತೂಕ, ಆಮೇಲಿನ ತೂಕ, ಅಯೋಡಿನ್ ತಿಳಿಯಾಗಲು ಹಿಡಿದ ಹೊತ್ತು, ಮೊದಲ ಕೊನೆಯ ಸಾಂದ್ರತೆ, ಮೂರು ಗ್ಲಾಸಿನ ಫಲ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ನಿಮ್ಮ ಅವ್ವಂದಿರೂ ಓದಬೇಕು. ಒಂದು ಪ್ರತಿ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ, ಒಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಜೋಳದ ವಿಭಾಗಕ್ಕೆ, ಒಂದು ನಿಮ್ಮ ಮನೆಗೆ ಕಳಿಸಿ. ಸರಿಬಾರದ ಸಲದ ಲೆಕ್ಕವನ್ನೂ ಬಿಡದೆ ಕಳಿಸಿ.

ಹಿಂಗಾರಿ ಬಿತ್ತನೆ ಸೆಪ್ಟೆಂಬರಿನಲ್ಲಿ ಶುರುವಾಗುತ್ತದೆ. ಅದಕ್ಕಿಂತ ಮೊದಲು ನಿಮ್ಮ ಲೆಕ್ಕ ಬಂದರೆ, ಯಾವ ಹೊಲದ ಕಾಳನ್ನು ಮಾಲ್ಟಿಗೆಂದು ಬೇರೆ ರಾಶಿ ಮಾಡಬೇಕೆಂದು ನಾವಿಲ್ಲಿ ಕುಳಿತು ಗೊತ್ತುಮಾಡುತ್ತೇವೆ.

ನಿಮ್ಮ ಅಣ್ಣ,
ಗಜೇಂದ್ರಗಡ ತಾಲ್ಲೂಕಿನ ಒಬ್ಬ ಜೋಳದ ರೈತ